ಮೈಯ ಮಾತು ಮೈಲಿಗೆಯಲ್ಲ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕೂಡಿ ಒಂದು ಶೈಕ್ಷಣಿಕ ಜಿಲ್ಲೆ. ಸಂತಾನೋತ್ಪತ್ತಿಯ ಪಾಠ ಇರುವುದು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ. ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೆ ಬರುವ ಮುಂಚೆಯೇ ಮೈನೆರೆದಿರುತ್ತಾರೆ. ಪಾಠಕ್ಕಿಂತ ಮೊದಲು ಭಯ ಬಂದಿರುತ್ತದೆ.

2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣವನ್ನು ನಮ್ಮ ರಾಜ್ಯವೂ ತಡೆಯಿತು. ಸಂಸ್ಕೃತಿ ಕೆಡುತ್ತದೆ ಎಂಬ ಮಾತು ಆಗ ಕೇಳಿಬಂತು. ಆದರೆ ನಮ್ಮ ಸಂಸ್ಕೃತಿ ಯಾವುದು? ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ರಜಸ್ಸೂತಕ ಅವುಗಳಲ್ಲೊಂದು. ಇಷ್ಟಲಿಂಗ ಧರಿಸಿದ ಮೈಗೆ ಮೈಲಿಗೆಯಿಲ್ಲವೆಂದ ಮೇಲೆ ಮೈಯ ಮಾತಿಗೆ ಮೈಲಿಗೆ ಎಲ್ಲಿಯದು?

ಹಾಗೆಂದು ಬಾಯಿಗೆ ಬಂದದ್ದನ್ನು ಕಲಿಸುವುದಲ್ಲ. ಯಾವ ವಯಸ್ಸಿಗೆ ಏನು, ಹೇಳುವವರು ಯಾರು ಎಂಬ ಮಾನದಂಡ ಬೇಕು. ಚಿಕ್ಕ ಮಕ್ಕಳಿಗೆ ಕೆಟ್ಟ ಸ್ಪರ್ಶದ ಅರಿವು, 1098 ಸಹಾಯವಾಣಿ. 6ನೇ ತರಗತಿಗೆ ಮುಟ್ಟಿನ ತಿಳಿವಳಿಕೆ, ಹುಡುಗರಿಗೂ. ಪ್ರೌಢಶಾಲೆಯಲ್ಲಿ ಎಚ್‌ಐವಿ, ಬಾಲ್ಯವಿವಾಹದ ಕೇಡು, 2012ರ ಪೋಕ್ಸೊ ಕಾಯ್ದೆ. ಹೇಳುವವರಿಗೆ ಮೊದಲು ತರಬೇತಿ.

ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಇದು ಒಂದೇ ತೆರನಾಗಿರಲಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ತಂದೆತಾಯಿಗಳಾಗಿ ನೀವೇ ಕೇಳಿ. ಮಠದ ಶಾಲೆಗಳು ಮೊದಲ ಹೆಜ್ಜೆ ಇಡಲಿ. ಅರಿವೇ ಗುರುವೆನ್ನುವ ನಾವು ಮಕ್ಕಳಿಂದ ಅರಿವನ್ನು ಬಚ್ಚಿಡಬಾರದು.