ಮುಂದಾಳಿನ ಗುಣ ಮತ್ತು ಉಗ್ರಾಣದ ಬೀಗದಕೈ
(ವಾರ್ಷಿಕ ಉತ್ಸವದ ಪೂರ್ವಭಾವಿಯಾಗಿ ನಡೆದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

 

ಸಂಘಟನೆಯಲ್ಲಿ ನಾಯಕತ್ವ ಹೇಗಿರಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಅಪ್ಪಣೆ ಕೊಟ್ಟಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯಲ್ಲಿ ಕುಳಿತವನು. ದೊಡ್ಡ ಗ್ರಂಥಗಳನ್ನು ಓದಿದವನಲ್ಲ. ಆದ್ದರಿಂದ ನಮ್ಮ ಕಾಸರಗೋಡಿನ ಕೃಷಿಕರೆಲ್ಲರಿಗೂ ಗೊತ್ತಿರುವ ಒಂದು ಸಂಸ್ಥೆಯ ಉದಾಹರಣೆಯಿಂದಲೇ ವಿಷಯಕ್ಕೆ ಬರುತ್ತೇನೆ.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲ ಕಚ್ಚಿತ್ತು. ವರ್ಷವಿಡೀ ದುಡಿದು, ಒಣಗಿಸಿ, ಸುಲಿದು ತಂದ ಅಡಿಕೆಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಬೇಡವೆಂದು ಹಿಂದಕ್ಕೆ ಹೊತ್ತೊಯ್ಯುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಇರಲಿಲ್ಲ. 1956ರಲ್ಲಿ ಎಳೆದ ರಾಜ್ಯದ ಗಡಿ ನಮ್ಮನ್ನು ಕೇರಳಕ್ಕೂ ನೆಂಟರನ್ನು ಕರ್ನಾಟಕಕ್ಕೂ ಸೇರಿಸಿತ್ತು. ಆದರೆ ಧಾರಣೆ ಬಿದ್ದಾಗ ಗಡಿಯ ಎರಡೂ ಕಡೆಯ ಅಂಗಳದಲ್ಲಿ ಒಂದೇ ಚಿಂತೆ. ಆ ಹೊತ್ತಿನಲ್ಲಿ ಅಡ್ಯನಡ್ಕ ಕಡೆಯ ಕೃಷಿಕರಾದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರಲ್ಲಿ ಸೇರಿದರು. ಭಟ್ಟರು ಸ್ಥಾಪಕ ಅಧ್ಯಕ್ಷರಾದರು.

ಇದರಲ್ಲಿ ನಾವು ಗಮನಿಸಬೇಕಾದ ಮೊದಲ ಸಂಗತಿ, ಮುಂದಾಳು ಹುಟ್ಟಿದ್ದು ಕಷ್ಟದ ಕಾಲದಲ್ಲಿ. ಧಾರಣೆ ಏರಿದಾಗ ಅಡಿಕೆ ಕೊಳ್ಳಲು ನೂರು ಜನ ಬರುತ್ತಾರೆ. ಬಿದ್ದಾಗ ಖರೀದಿ ಕೇಂದ್ರದ ಬಾಗಿಲು ತೆರೆದಿಡುವವನೇ ಬೇಕಾದವನು. ದೇವಸ್ಥಾನದಲ್ಲಿಯೂ ಹಾಗೆಯೇ. ಧ್ವಜಾರೋಹಣದ ದಿನ ಶಾಲು ಹೊದೆದು ಮುಂದೆ ನಿಲ್ಲಲು ಜನ ಬೇಕಾದಷ್ಟಿದ್ದಾರೆ. ಧ್ವಜಾವರೋಹಣದ ಮರುದಿನ ಪಾತ್ರೆ ಎಣಿಸಿ ಒಳಗಿಡಲು, ಚಪ್ಪರದವನ ಬಾಕಿ ತೀರಿಸಲು ಉಳಿಯುವವರು ಎಷ್ಟು ಮಂದಿ? ಅವರ ಮಾತಿಗೆ ಊರಿನಲ್ಲಿ ತೂಕ ಬರುವುದು ಅಂದಿನಿಂದಲೇ.

ಎರಡನೆಯದು ತೂಕ ಮತ್ತು ಲೆಕ್ಕ. ಸಹಕಾರಿ ಸಂಸ್ಥೆ ನಿಲ್ಲುವುದು ಸದಸ್ಯನ ನಂಬಿಕೆಯ ಮೇಲೆ. ಅವನೆದುರೇ ತೂಗಬೇಕು, ಬರೆದ ಬೆಲೆಯಂತೆ ಹಣ ಕೊಡಬೇಕು, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಅವನು ಎದ್ದು ಪ್ರಶ್ನೆ ಕೇಳಬಹುದು. ನಮ್ಮಲ್ಲಿ ಮಾತ್ರ ಲೆಕ್ಕ ಕೇಳಿದರೆ "ನನ್ನ ಮೇಲೆ ಸಂಶಯವೇ?" ಎಂದು ಮುಖ ಕೆಂಪಾಗುತ್ತದೆ. ಅಂಗಡಿಯವನಾಗಿ ಹೇಳುತ್ತೇನೆ, ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿಡುವುದರಿಂದ ವ್ಯಾಪಾರಿಯ ಮಾನ ಹೋಗುವುದಿಲ್ಲ, ಉಳಿಯುತ್ತದೆ. ಹತ್ತು ರೂಪಾಯಿಯ ರಶೀದಿಗೂ ಲಕ್ಷದ ರಶೀದಿಗೂ ಒಂದೇ ಮರ್ಯಾದೆ ಇರಬೇಕು. ಅದು ದೇವರ ಹಣ.

ಮೂರನೆಯದು, ಕಾಲ ಬದಲಾದಾಗ ದಾರಿ ಹುಡುಕುವುದು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆದವರಿಗೆ 1980ರ ಸುಮಾರಿಗೆ ಬೀನ್ಸು ಕೊಳ್ಳುವವರೇ ಇಲ್ಲದಂತಾಯಿತು. ಆಗ ಕ್ಯಾಂಪ್ಕೋ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಆರಂಭವಾಯಿತು. ರೈತರ ಸಂಸ್ಥೆಗೆ ಚಾಕಲೇಟಿನ ಉಸಾಬರಿ ಯಾಕೆ ಎಂದು ಕೈಕಟ್ಟಿ ಕುಳಿತಿದ್ದರೆ ಅದು ಆಗುತ್ತಿರಲಿಲ್ಲ. ಸ್ಥಾಪಕರ ಕಾಲ ಮುಗಿದ ಮೇಲೂ, ಅಧ್ಯಕ್ಷರು ಅನೇಕರು ಬದಲಾದ ಮೇಲೂ ಆ ಸಂಸ್ಥೆ ಇದೆ. ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಮಾಡಿದವನೇ ನಿಜವಾದ ಮುಂದಾಳು.

ಈಗ ನಮ್ಮ ಅಂಗಳಕ್ಕೆ ಬರೋಣ. ಉಗ್ರಾಣ, ಹೊರೆಕಾಣಿಕೆ, ಅನ್ನಸಂತರ್ಪಣೆ, ಖಜಾನೆ ಇವೆಲ್ಲ ಇಪ್ಪತ್ತು ವರ್ಷಗಳಿಂದ ನಾವು ಆರೇಳು ಮಂದಿಯ ಕೈಯಲ್ಲೇ ಇವೆ. ನಮ್ಮಲ್ಲಿ ಹೆಚ್ಚಿನವರಿಗೆ ಮೊಣಗಂಟು ನೋವು, ಸಕ್ಕರೆ ಕಾಯಿಲೆ. ಹತ್ತು ಮಂದಿಗೆ ಎಷ್ಟು ಅಕ್ಕಿ, ಸಾಂಬಾರಿಗೆ ಎಷ್ಟು ಬೇಳೆ, ಯಾವ ಮನೆಯಿಂದ ಯಾವ ಪಾತ್ರೆ ಬರಬೇಕು ಎಂಬುದು ಉಗ್ರಾಣದ ಹಿರಿಯರ ತಲೆಯಲ್ಲಿದೆ, ಕಾಗದದಲ್ಲಿಲ್ಲ. ಉತ್ಸವದ ಮುನ್ನಾದಿನ ಅವರು ಹಾಸಿಗೆ ಹಿಡಿದರೆ ಏನು ಗತಿ?

ಮಕ್ಕಳು ಬೆಂಗಳೂರು, ಗಲ್ಫ್ ಎಂದು ಹೋಗಿದ್ದಾರೆ, ಬಂದವರೂ ಕೈಮುಗಿದು ಊಟ ಮಾಡಿ ಹೊರಡುತ್ತಾರೆ ಎಂದು ನಾವು ಗೊಣಗುತ್ತೇವೆ. ಅವರಿಗೆ ನಾವು ಕೊಟ್ಟದ್ದಾದರೂ ಏನು? ಕುರ್ಚಿ ಹೊರುವ ಕೆಲಸ, ಬಡಿಸುವ ಕೆಲಸ. ಬೀಗದಕೈ ನಮ್ಮ ಸೊಂಟದಲ್ಲೇ ಉಳಿಯಿತು. ಅಧಿಕಾರ ಕೊಡದೆ ಜವಾಬ್ದಾರಿ ಮಾತ್ರ ಹೊರಿಸಿದರೆ ಕೂಲಿಯಾಳು ಸಿಕ್ಕಬಹುದು, ಮುಂದಾಳು ಸಿಕ್ಕುವುದಿಲ್ಲ. ತಾಯಂದಿರ ವಿಷಯವೂ ಇದೇ. ತರಕಾರಿ ಹೆಚ್ಚಲು, ಹೂ ಕಟ್ಟಲು ಮಾತೃಮಂಡಳಿ ಬೇಕು. ಖರ್ಚು ನಿಶ್ಚಯಿಸುವ ಸಭೆಗೆ ಕರೆಯುವುದು ಮರೆತುಹೋಗುತ್ತದೆ. ಅಡುಗೆಯ ಅಂದಾಜು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ದರಿಂದ ಈ ಸಭೆಯ ಮುಂದೆ ನನ್ನ ವಿನಂತಿ ಇಷ್ಟು. ಒಂದು, ಪ್ರತಿಯೊಂದು ವಿಭಾಗಕ್ಕೂ ಹಿರಿಯರ ಜೊತೆಗೆ ನಲವತ್ತರ ಒಳಗಿನ ಒಬ್ಬ ಸಹಸಂಚಾಲಕ ಇರಲಿ. ಈ ವರ್ಷ ಜೊತೆಗೆ ನಿಂತು ಕಲಿಯಲಿ, ಮುಂದಿನ ವರ್ಷ ಅವನೇ ನಡೆಸಲಿ, ಹಿರಿಯರು ಪಕ್ಕದಲ್ಲಿ ಕುಳಿತು ನೋಡಲಿ. ಎರಡು, ಉಗ್ರಾಣದ ಲೆಕ್ಕಾಚಾರವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡೋಣ. ಮೂರು, ಧ್ವಜಾವರೋಹಣವಾಗಿ ಹದಿನೈದು ದಿನದೊಳಗೆ ಜಮಾಖರ್ಚಿನ ಪಟ್ಟಿ ಗೋಪುರದ ಫಲಕದಲ್ಲಿ ಬರಲಿ. ನಾಲ್ಕು, ಕರ್ಚುವೆಚ್ಚದ ಸಭೆಯಲ್ಲಿ ಮಾತೃಮಂಡಳಿಯ ಇಬ್ಬರಾದರೂ ಕುಳಿತಿರಲಿ.

ಹುಡುಗರ ಕೈಯಲ್ಲಿ ಮೊದಲ ವರ್ಷ ಏನಾದರೂ ಹೆಚ್ಚುಕಮ್ಮಿ ಆದೀತು. ಪಾಯಸ ಒಂದು ಪಂಕ್ತಿಗೆ ಮುಟ್ಟದೆ ಹೋದೀತು. ಆಗ ಹಿರಿಯರು ದಯವಿಟ್ಟು ಪಂಕ್ತಿಯ ಮಧ್ಯೆ ನಿಂತು ಗದರಬಾರದು. ಬದಿಗೆ ಕರೆದು ತಿದ್ದಿರಿ. ಒಳ್ಳೆಯದು ಮಾಡಿದರೆ ಹತ್ತು ಜನರ ಎದುರು ಹೇಳಿರಿ. ಯುವಕರಿಗೂ ಒಂದು ಮಾತು. ಹುದ್ದೆ ಸಿಕ್ಕ ಮೇಲೆ ದುಡಿಯುತ್ತೇನೆ ಎನ್ನಬೇಡಿ; ದುಡಿಯುವವನನ್ನು ಹುದ್ದೆ ಹುಡುಕಿಕೊಂಡು ಬರುತ್ತದೆ. ಹಿರಿಯರ ಅನುಭವವನ್ನು ಕೇಳಿ ಪಡೆಯಿರಿ, ಅದು ಪೇಟೆಯಲ್ಲಿ ಸಿಗುವ ಸಾಮಾನಲ್ಲ.

ನನ್ನ ವಿನಂತಿಯನ್ನು ನನ್ನಿಂದಲೇ ಆರಂಭಿಸುತ್ತೇನೆ. ಖಜಾನೆಯ ಪುಸ್ತಕ ಮೂರು ಅವಧಿಯಿಂದ ನನ್ನಲ್ಲಿದೆ. ಈ ಉತ್ಸವದ ಲೆಕ್ಕ ಒಪ್ಪಿಸಿದ ದಿನ ಅದು ಬೇರೆಯವರ ಕೈಗೆ ಹೋಗಲಿ. ಯಾರಿಗೆ ಎಂಬುದನ್ನು ಹತ್ತು ಸಮಸ್ತರು ಇಂದೇ ನಿಶ್ಚಯಿಸಬೇಕು. ನಾಳೆಯಿಂದ ಅವರು ನನ್ನ ಜೊತೆ ಕುಳಿತುಕೊಳ್ಳಲಿ.

 ಶ್ರೀ ದೇವರು ನಮ್ಮೆಲ್ಲರಿಗೂ ಒಮ್ಮತವನ್ನೂ ಸದ್ಬುದ್ಧಿಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸಿ ನನ್ನ ಮಾತಿಗೆ ವಿರಾಮ ಹೇಳುತ್ತೇನೆ.