ಮೈದಾನ ಕೊಡದಿದ್ದರೆ ಸಾಕು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ಸ್ತ್ರೀ ಸಮಾನತೆ’. ನಾನು ವಿದ್ವಾಂಸನಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಟ್ಟಡ, ರಸ್ತೆಗಳ ಕೆಲಸ ನೋಡಿಕೊಂಡ ಇಂಜಿನಿಯರು. ವಚನಗಳ ವಿವರಣೆಯನ್ನು ಬಲ್ಲವರಿಗೆ ಬಿಟ್ಟು, ಒಂದು ಕಾರ್ಖಾನೆಯ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಸಂಗತಿ ಹೇಳುತ್ತೇನೆ. ಮಠದಲ್ಲಿ ಫುಟ್‌ಬಾಲ್ ಏಕೆ ಎಂದು ಯಾರೂ ಬೇಸರಿಸಬಾರದು. ಕೊನೆಗೆ ನಮ್ಮ ಶಾಲೆಯ ಮೈದಾನಕ್ಕೇ ಬರುತ್ತೇನೆ.

ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ಪ್ರೆಸ್ಟನ್ ಎಂಬ ಊರಿದೆ. ಅಲ್ಲಿ ‘ಡಿಕ್, ಕೆರ್’ ಎಂಬ ಕಂಪನಿ ಟ್ರಾಮ್ ಗಾಡಿಗಳನ್ನು ತಯಾರಿಸುತ್ತಿತ್ತು. ೧೯೧೪ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗಂಡಸರು ಯುದ್ಧಭೂಮಿಗೆ ಹೋದರು, ಕಾರ್ಖಾನೆ ಮದ್ದುಗುಂಡಿನ ಕೆಲಸಕ್ಕೆ ತಿರುಗಿತು, ಯಂತ್ರಗಳ ಮುಂದೆ ಹೆಣ್ಣುಮಕ್ಕಳು ಬಂದು ನಿಂತರು. ಬಿಡುವಿನ ವೇಳೆ ಕಾರ್ಖಾನೆಯ ಅಂಗಳದಲ್ಲೇ ಚೆಂಡು ಒದೆಯುತ್ತಿದ್ದರು. ಅಲ್ಲಿನ ಕಚೇರಿಯಲ್ಲಿದ್ದ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ಎಂಬಾತ ಇದನ್ನು ಕಂಡು ತಂಡ ಕಟ್ಟಲು ನೆರವಾದ. ಹೀಗೆ ಹುಟ್ಟಿದ್ದು ಡಿಕ್, ಕೆರ್ ಮಹಿಳಾ ತಂಡ.

೧೯೧೭ರ ಡಿಸೆಂಬರ್ ೨೫ರಂದು ಊರಿನ ಡೀಪ್‌ಡೇಲ್ ಮೈದಾನದಲ್ಲಿ ಇನ್ನೊಂದು ಕಾರ್ಖಾನೆಯ ಹುಡುಗಿಯರ ಜೊತೆ ಪಂದ್ಯ. ನೋಡಲು ಸುಮಾರು ೧೦,೦೦೦ ಜನ. ಇವರು ನಾಲ್ಕು ಗೋಲಿನಿಂದ ಗೆದ್ದರು. ಬಂದ ಹಣ ಗಾಯಾಳು ಸೈನಿಕರ ಆಸ್ಪತ್ರೆಗೆ ಹೋಯಿತು. ಯುದ್ಧ ಮುಗಿದ ಮೇಲೂ ಆಟ ನಿಲ್ಲಲಿಲ್ಲ. ೧೯೨೦ರ ಡಿಸೆಂಬರಿನಲ್ಲಿ ಕೆಲಸವಿಲ್ಲದ ಮಾಜಿ ಸೈನಿಕರಿಗಾಗಿ ರಾತ್ರಿ ಪಂದ್ಯವನ್ನೇ ಆಡಿದರು. ಸೇನೆಯಿಂದ ಎರಡು ಸರ್ಚ್‌ಲೈಟ್ ತಂದು ನಿಲ್ಲಿಸಿ, ಚೆಂಡು ಕಾಣಲೆಂದು ಅದಕ್ಕೆ ಸುಣ್ಣ ಬಳಿದರು. ಇಂಜಿನಿಯರನಾದ ನನಗೆ ಇದನ್ನು ಓದಿದಾಗ ಬಹಳ ಸಂತೋಷವಾಯಿತು. ಅದೇ ತಿಂಗಳ ೨೬ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಇವರ ಆಟಕ್ಕೆ ೫೩,೦೦೦ ಜನ ಸೇರಿದರು. ಒಳಗೆ ಜಾಗವಿಲ್ಲದೆ ಹೊರಗೆ ಉಳಿದವರೂ ಸಾವಿರಾರು. ಅಂದು ಸೇರಿದ್ದು ಮೂರು ಸಾವಿರ ಪೌಂಡಿಗೂ ಮೇಲೆ, ಅದೂ ಸತ್ಕಾರ್ಯಕ್ಕೆ.

ಹಗಲು ದುಡಿದು, ಬಿಡುವಿನಲ್ಲಿ ಆಡಿ, ಬಂದದ್ದನ್ನು ಹಂಚಿದರು. ಕಾಯಕ, ದಾಸೋಹ ಎಂಬ ಪದಗಳು ಆ ಹುಡುಗಿಯರಿಗೆ ಗೊತ್ತಿರಲಿಲ್ಲ. ಕೆಲಸ ಮಾತ್ರ ಗೊತ್ತಿತ್ತು.

ಮುಂದೇನಾಯಿತು? ೧೯೨೧ರ ಡಿಸೆಂಬರ್ ೫ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ಬಂದ ಹಣದಲ್ಲಿ ಖರ್ಚಿಗೇ ಹೆಚ್ಚು ಹೋಗುತ್ತಿದೆ ಎಂಬ ಕಾರಣ ಕೊಟ್ಟು, ತನ್ನ ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದು ಎಂದಿತು.

ಇಲ್ಲಿ ಸ್ವಲ್ಪ ಗಮನಿಸಬೇಕು. ಆಡಬೇಡಿ ಎಂದು ಕಾನೂನು ಬರಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಮೈದಾನ ಕೊಡಬೇಡಿ ಎಂದರು, ಅಷ್ಟೆ. ದೊಡ್ಡ ಮೈದಾನಗಳೆಲ್ಲ ಆ ಕ್ಲಬ್ಬುಗಳ ಕೈಯಲ್ಲಿದ್ದವು. ಅಲ್ಲಿ ಆಡದಿದ್ದರೆ ಐವತ್ತು ಸಾವಿರ ಜನ ಎಲ್ಲಿ ಕೂರಬೇಕು? ಆ ನಿಷೇಧ ತೆಗೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಆದರೂ ತಂಡ ಚದುರಲಿಲ್ಲ. ೧೯೨೨ರಲ್ಲಿ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳೊಡನೆ ಆಡಿ ಬಂದರು. ಮುಂದೆ ಪ್ರೆಸ್ಟನ್ ಮಹಿಳಾ ತಂಡ ಎಂಬ ಹೆಸರಿನಲ್ಲಿ, ಸಿಕ್ಕ ಬಯಲುಗಳಲ್ಲಿ ೧೯೬೫ರವರೆಗೂ ಆಡಿದರು. ಹದಿಹರೆಯದಲ್ಲೇ ತಂಡ ಸೇರಿದ ಲಿಲಿ ಪಾರ್ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತ ದಶಕಗಳ ಕಾಲ ಆಡಿದಳು. ೧೯೭೮ರಲ್ಲಿ ತೀರಿಕೊಂಡ ಆಕೆಯ ಹೆಸರು ಇಂಗ್ಲೆಂಡಿನ ಫುಟ್‌ಬಾಲ್ ಗೌರವ ಪಟ್ಟಿಗೆ ಸೇರಿದ್ದು ೨೦೦೨ರಲ್ಲಿ.

ಅವರ ತಪ್ಪು ಹೇಳಿದೆ. ಈಗ ನನ್ನ ತಪ್ಪು ಹೇಳುತ್ತೇನೆ.

ಸೇವೆಯಲ್ಲಿದ್ದಾಗ ಒಂದು ತಾಲ್ಲೂಕು ಕ್ರೀಡಾಂಗಣದ ನಕ್ಷೆ, ಅಂದಾಜುಪಟ್ಟಿ ತಯಾರಿಸಿದ್ದು ನಾನೇ. ಅದರಲ್ಲಿ ಗ್ಯಾಲರಿ ಇತ್ತು, ಧ್ವಜಕಂಬ ಇತ್ತು, ಗಣ್ಯರ ಕೋಣೆ ಇತ್ತು, ಗಂಡಸರ ಶೌಚಾಲಯ ಇತ್ತು. ಕೆಲಸ ಮುಗಿಯುವ ಹೊತ್ತಿಗೆ ದೈಹಿಕ ಶಿಕ್ಷಣದ ಶಿಕ್ಷಕಿಯೊಬ್ಬರು ಬಂದು, “ಸಾರ್, ನಮ್ಮ ಹುಡುಗಿಯರು ಬಟ್ಟೆ ಬದಲಿಸುವುದು ಎಲ್ಲಿ?” ಎಂದು ಕೇಳಿದರು. “ಅಂದಾಜುಪಟ್ಟಿಯಲ್ಲಿ ಅವಕಾಶ ಇಲ್ಲಮ್ಮ” ಎಂದೆ. ಯಾರೋ ಬರೆದ ಪಟ್ಟಿ ಎಂಬಂತೆ ಹೇಳಿದೆ. ಆ ತಾಯಿ ವಾದ ಮಾಡಲಿಲ್ಲ, ನಮಸ್ಕರಿಸಿ ಹೋದರು. ಆಮೇಲೆ ನಾನು ಅಲ್ಲಿದ್ದ ಎರಡು ವರ್ಷ ಆ ಅಂಗಣದಲ್ಲಿ ಹುಡುಗಿಯರ ತಂಡ ನಾನು ಕಾಣಲಿಲ್ಲ. ಹುಡುಗಿಯರಿಗೆ ಆಸಕ್ತಿ ಇಲ್ಲ ಎಂದು ನಾವು ಕಚೇರಿಯಲ್ಲಿ ಮಾತಾಡಿಕೊಂಡೆವು. ನಾನು ಯಾರನ್ನೂ ತಡೆದವನಲ್ಲ. ಇಂಗ್ಲೆಂಡಿನ ಆ ಸಂಸ್ಥೆಯೂ ಹೀಗೆಯೇ ಹೇಳಬಹುದಿತ್ತು.

ಈಗ ನಮ್ಮ ಶಾಲೆ. ನನ್ನ ಮೊಮ್ಮಗಳು ಇಲ್ಲೇ ಎಂಟನೇ ತರಗತಿಯಲ್ಲಿದ್ದಾಳೆ. ಅವಳೂ ಗೆಳತಿಯರೂ ಚೆಂಡು ಒದೆಯುತ್ತಾರೆ, ಹಿಂದಿನ ನೀರಿನ ತೊಟ್ಟಿಯ ಪಕ್ಕದ ಕಿರಿದಾದ ಜಾಗದಲ್ಲಿ. ಮೈದಾನ ಸಂಜೆ ಹುಡುಗರಿಗೆ. ಬೇಡ ಎಂದವರು ಯಾರೂ ಇಲ್ಲ, ಕೊಟ್ಟವರೂ ಇಲ್ಲ. ಗಂಡು ಹೆಣ್ಣೆಂಬ ಭೇದ ಮಾಡದ ಅನುಭವ ಮಂಟಪದ ಮಾತನ್ನು ಪ್ರತಿ ತಿಂಗಳು ಇಲ್ಲಿ ಆಡುತ್ತೇವೆ. ಅದು ಈ ಗೋಡೆಯಾಚೆ ಇನ್ನೂರು ಅಡಿ ದಾಟಿ ಮೈದಾನದವರೆಗೆ ಹೋಗಬಾರದೇ?

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೆ. ವಾರದಲ್ಲಿ ಮೂರು ಸಂಜೆ ಮೈದಾನ ಹುಡುಗಿಯರಿಗೆ ಸಿಗಲಿ. ಅದರ ಬದಿಗೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ, ಒಳಗಿನಿಂದ ಚಿಲಕ, ನಲ್ಲಿ, ಒಂದು ಶೌಚಾಲಯ. ನಕ್ಷೆ ಬರೆದು ತಂದಿದ್ದೇನೆ. ಮೇಲುಸ್ತುವಾರಿ ನನ್ನದು, ನನ್ನ ನಾಲ್ಕು ತಿಂಗಳ ಪಿಂಚಣಿಯೂ ಅದಕ್ಕೆ. ಇದನ್ನು ದಾನ ಎನ್ನಬೇಡಿ. ಅಂದು ಅಂದಾಜುಪಟ್ಟಿಯಲ್ಲಿ ನಾನು ಬಿಟ್ಟ ಬಾಬತ್ತು ಇದು, ತಡವಾಗಿ ಸೇರಿಸುತ್ತಿದ್ದೇನೆ.