ಆರು ತಿಂಗಳ ನೆರವು ಏಕೆ?
(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ಕ್ಷಯರೋಗಿಗಳ ಅರ್ಜಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: “ಟಿಬಿ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದಲ್ಲ, ನಾವೇಕೆ ಹಣ ಕೊಡಬೇಕು? ಒಮ್ಮೆ ಕೊಟ್ಟರೆ ಸಾಲದೇ?” ಪ್ರಶ್ನೆ ನ್ಯಾಯವಾದದ್ದೇ. ನಾನು ಬ್ಯಾಂಕಿನಲ್ಲಿ ದುಡಿದವನು, ವೈದ್ಯನಲ್ಲ. ಆದರೆ ಹಣ ಯಾವುದಕ್ಕೆ ಎಂದು ತಿಳಿಯದೆ ವೋಚರಿಗೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಓದಿ, ಡಾಕ್ಟರರನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಲೋಕಕ್ಕೆ ತಿಳಿಸಿದರು. ಅದು ಉಸಿರಿನೊಂದಿಗೆ ಶ್ವಾಸಕೋಶ ಸೇರಿದಾಗ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಅದನ್ನು ನುಂಗುತ್ತವೆ. ನುಂಗಿದ ಕ್ರಿಮಿ ಕೋಶದೊಳಗೆ ಒಂದು ಪುಟ್ಟ ಚೀಲದಲ್ಲಿ ಇರುತ್ತದೆ. ಆ ಚೀಲ ಲೈಸೊಸೋಮ್ ಎಂಬ ಇನ್ನೊಂದು ಚೀಲದೊಡನೆ ಕೂಡಬೇಕು. ಅದರಲ್ಲಿ ಆಮ್ಲವೂ ಅರಗಿಸುವ ಕಿಣ್ವಗಳೂ ಇರುತ್ತವೆ. ಕೂಡಿದರೆ ಸಾಮಾನ್ಯವಾಗಿ ಕ್ರಿಮಿಯ ಕಥೆ ಮುಗಿಯಿತು.

ಕ್ಷಯದ ಕ್ರಿಮಿ ಇದನ್ನೇ ತಪ್ಪಿಸುತ್ತದೆ. ನಮ್ಮ ಕೋಶದಲ್ಲಿ ಕೊರೊನಿನ್-1 ಎಂಬ ಪ್ರೋಟೀನ್ ಇದೆ. ಕೊರೊನಾ ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಕ್ರಿಮಿ ಇರುವ ಚೀಲಕ್ಕೆ ಇದು ಬಂದು ಅಂಟಿ, ಆಮೇಲೆ ಬಿಟ್ಟುಹೋಗಬೇಕು. ಬದುಕಿರುವ ಕ್ಷಯದ ಕ್ರಿಮಿ ಇದನ್ನು ಹೋಗಗೊಡದೆ ಹಿಡಿದಿಡುತ್ತದೆ. ಆಗ ಲೈಸೊಸೋಮ್ ಹತ್ತಿರ ಬಂದು ಕೂಡುವುದಿಲ್ಲ. 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೀನ್ ಪೀಟರ್ಸ್ ಅವರ ತಂಡ ಇದನ್ನು ಪ್ರಕಟಿಸಿತು. ಈ ಪ್ರೋಟೀನ್ ಇಲ್ಲದ ಇಲಿಗಳ ಕೋಶಗಳಲ್ಲಿ ಕ್ರಿಮಿ ಲೈಸೊಸೋಮಿಗೆ ಸಿಕ್ಕಿ ಸಾಯುವುದನ್ನೂ ಮುಂದೆ ತೋರಿಸಿತು. ಕ್ರಿಮಿಗೆ ಬೇರೆ ಉಪಾಯಗಳೂ ಇವೆ. ಇದು ಅವುಗಳಲ್ಲಿ ಒಂದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಳ್ಳ ಬ್ಯಾಂಕಿನ ವಾಚ್‌ಮನ್ನನನ್ನೇ ಬಾಗಿಲಿಗೆ ನಿಲ್ಲಿಸಿಕೊಂಡು ಸ್ಟ್ರಾಂಗ್ ರೂಮಿನಲ್ಲಿ ಕುಳಿತಂತೆ.

ಹೀಗೆ ಒಳಗೆ ಅಡಗಿದ ಕ್ರಿಮಿಗಳು ಬಹಳ ನಿಧಾನವಾಗಿ ಬೆಳೆಯುತ್ತವೆ, ಕೆಲವು ನಿದ್ದೆಯಲ್ಲಿದ್ದಂತೆ ಇದ್ದುಬಿಡುತ್ತವೆ. ಅಂಥವು ಔಷಧಿಗೆ ಬೇಗ ಬಗ್ಗುವುದಿಲ್ಲ. ಅದಕ್ಕೇ ಸಾಮಾನ್ಯ ಕ್ಷಯಕ್ಕೂ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ. ಆದರೆ ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯುತ್ತದೆ, ಹಸಿವೆ ಹುಟ್ಟುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವ ನಮ್ಮ ಹುಡುಗ “ಗುಣವಾಯಿತು” ಎಂದು ಕೆಲಸಕ್ಕೆ ಓಡುತ್ತಾನೆ. ರಜೆ ಹಾಕಿದರೆ ಸಂಬಳವಿಲ್ಲ, ಊರಿಗೆ ಹಣ ಕಳಿಸಬೇಕು. ಮಾತ್ರೆ ನಿಲ್ಲುತ್ತದೆ. ಉಳಿದ ಕ್ರಿಮಿಗಳು ಮತ್ತೆ ತಲೆಯೆತ್ತುತ್ತವೆ, ಔಷಧಿಗೆ ಜಗ್ಗದ ಕ್ಷಯವಾಗಿಯೂ ತಿರುಗಬಹುದು. ಒಂದೇ ಕೋಣೆಯಲ್ಲಿ ಮಲಗುವ ಜೊತೆಗಾರರಿಗೂ ಅದೇ ಅಂಟುತ್ತದೆ.

ಔಷಧಿಯ ಜೊತೆಗೆ ಊಟವೂ ಬೇಕು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ಪೌಷ್ಟಿಕ ಆಹಾರ ಕೊಟ್ಟಲ್ಲಿ ಅವರಿಗೆ ಕ್ಷಯ ಬರುವುದು ಸುಮಾರು ಶೇಕಡ 40ರಷ್ಟು ಕಡಿಮೆಯಾಯಿತು. ಸರ್ಕಾರವೂ ಪೋಷಣೆಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ 1000 ಮಾಡಿದೆ. ಆದರೆ ಕೋಣೆಯ ಬಾಡಿಗೆ, ಆಸ್ಪತ್ರೆಗೆ ಹೋಗಿಬರುವ ಖರ್ಚು, ಊರಿನ ಮನೆ, ಎಲ್ಲಕ್ಕೂ ಅದು ಸಾಲದು.

ಆದ್ದರಿಂದ ನನ್ನ ವಿನಂತಿ ಎರಡು. ಸಮಿತಿಯವರು ಕ್ಷಯದ ಅರ್ಜಿಗಳಿಗೆ ಆರು ತಿಂಗಳ ನೆರವನ್ನು ಒಮ್ಮೆಗೇ ಮಂಜೂರು ಮಾಡಿ, ತಿಂಗಳು ತಿಂಗಳು ಬಿಡುಗಡೆ ಮಾಡಲಿ. ದಾನಿಗಳು ಒಬ್ಬೊಬ್ಬ ರೋಗಿಯ ರೇಷನ್ನನ್ನು ಆರು ತಿಂಗಳ ಮಟ್ಟಿಗೆ ವಹಿಸಿಕೊಳ್ಳಲಿ. ಒಬ್ಬರಿಗೆ ಭಾರವಾದರೆ ನಾಲ್ವರು ಸೇರಿ ವಹಿಸಿಕೊಳ್ಳಿ. ರೋಗಿಯ ಹೆಸರು ಹೊರಗೆ ಬರುವುದು ಬೇಡ. ಮೂರನೆಯ ತಿಂಗಳಲ್ಲಿ ಆತ ಗುಣವಾದಂತೆ ಕಂಡಾಗ ನಮ್ಮ ಚೆಕ್ ನಿಲ್ಲದಿರಲಿ. ನಿಜವಾಗಿ ಅದು ಬೇಕಾಗುವುದು ಆಗಲೇ.